ಮಾದಪ್ಪನ ಮುಂದಿನ ಜಾಗ

ನನ್ನ ಗಂಡ ಮಂಜೇಶನ ಬಾಯಲ್ಲಿ 'ಸುಸ್ತು' ಎಂಬ ಮಾತು ಬಂದದ್ದನ್ನು ನಾನು ಕೇಳಿಯೇ ಇರಲಿಲ್ಲ. ಜ್ವರ ಬಂದರೆ "ಮೈ ಸ್ವಲ್ಪ ಬೆಚ್ಚಗಿದೆ" ಅನ್ನುತ್ತಾನೆ. ಡೌನರ್ಸ್ ಗ್ರೋವ್‌ನ ಕಂಪನಿ ಅವನನ್ನು ಕೆಲಸದಿಂದ ತೆಗೆದ ದಿನ ಕೂಡ ಲ್ಯಾಪ್‌ಟಾಪ್ ಇಲ್ಲದ ಖಾಲಿ ಬ್ಯಾಗನ್ನು ಕೆಳಗಿಟ್ಟು ಅವನು ಮೊದಲು ಕೇಳಿದ್ದು, "ಇವತ್ತು ಸಾರೇನು?" ಎಂದು. ಇಂಥ ಗಂಡಸಿನ ಜೊತೆ ಸಂಸಾರ ಮಾಡುವುದು ಬಹಳ ಸುಲಭ ಎಂದು ಜನ ತಿಳಿಯುತ್ತಾರೆ. ಬಂದು ಮಾಡಿ ನೋಡಲಿ. ಬಾಯಿಬಿಟ್ಟು ಹೇಳದವನ ಸುಸ್ತನ್ನು ಅವನ ಮುಖ ನೋಡಿ ನಾವೇ ಲೆಕ್ಕ ಹಾಕುತ್ತಾ ಕೂರಬೇಕು.

ಆಮೇಲೆ ಅವನಿಗೆ ಸಿಕ್ಕಿದ ಕೆಲಸ ಮಿಷಿಗನ್ನಿನ ವಾರೆನ್‌ನಲ್ಲಿ. ಕಾರು ತಯಾರಿಸುವವರಿಗೆ ಸಾಫ್ಟ್‌ವೇರ್ ಬರೆದುಕೊಡುವ ಕಾಂಟ್ರ್ಯಾಕ್ಟ್. ಇಂದು ಇದ್ದದ್ದು ಮುಂದಿನ ತಿಂಗಳು ಇರುತ್ತದೆ ಎಂಬ ಭರವಸೆ ಇಲ್ಲ. ಅಂಥ ಕೆಲಸ ನಂಬಿಕೊಂಡು ವರ್ಷದ ಲೀಸಿಗೆ ಸಹಿ ಹಾಕುವ ಧೈರ್ಯ ಅವನಿಗಿರಲಿಲ್ಲ. ಇತ್ತ ನಮ್ಮ ಮನೆಯಿದ್ದ ಪ್ಲೇನ್‌ಫೀಲ್ಡ್‌ನಲ್ಲಿ ಮಗಳು ಇಶಾಳ ಶಾಲೆಯ ವರ್ಷ ನಡುವಿನಲ್ಲಿತ್ತು. ಯೋಚಿಸಿ ಯೋಚಿಸಿ ಅವನು ಹಳೆಯ ಪಿಕಪ್ ಟ್ರಕ್ಕೊಂದನ್ನೂ ಅದರ ಬೆನ್ನ ಮೇಲೆ ಕೂರಿಸುವ ಕ್ಯಾಂಪರನ್ನೂ ಕೊಂಡ. ಕ್ಯಾಂಪರ್ ಎಂದರೆ ಒಂದು ಪೆಟ್ಟಿಗೆಯಂಥ ಮನೆ. ಬೇಡವಾದಾಗ ನಾಲ್ಕು ಕಾಲು ಕೊಟ್ಟು ಅದನ್ನು ನೆಲದ ಮೇಲೆ ನಿಲ್ಲಿಸಿ ಟ್ರಕ್ಕನ್ನು ಮಾತ್ರ ಓಡಿಸಿಕೊಂಡು ಹೋಗಬಹುದು. ವಾರೆನ್ ಹತ್ತಿರದ ಒಂದು ಕ್ಯಾಂಪ್‌ಗ್ರೌಂಡಿನಲ್ಲಿ ಅದನ್ನು ನಿಲ್ಲಿಸಿ, ವಾರವಿಡೀ ಅದರಲ್ಲಿದ್ದು, ಶುಕ್ರವಾರ ಸಂಜೆ ಬರಿಯ ಟ್ರಕ್ಕಿನಲ್ಲಿ ಮುನ್ನೂರು ಮೈಲಿ ಓಡಿಸಿಕೊಂಡು ಮನೆಗೆ ಬರುತ್ತಿದ್ದ, ಭಾನುವಾರ ಊಟ ಮುಗಿಸಿ ಮತ್ತೆ ಹೊರಡುತ್ತಿದ್ದ. ಹೀಗೆ ಇಡೀ ಚಳಿಗಾಲ ಕಳೆಯಿತು. "ಅಲ್ಲಿ ಹೇಗಿದೆ?" ಎಂದರೆ "ಆರಾಮಾಗಿದೆ. ಹೀಟರ್ ಇದೆ, ಸ್ಟವ್ ಇದೆ, ಬಾತ್‌ರೂಮ್ ಇದೆ" ಎನ್ನುತ್ತಿದ್ದ. ನಾವ್ಯಾರೂ ಅದರ ಒಳಗನ್ನು ನೋಡಿರಲಿಲ್ಲ.

ಬೇಸಿಗೆ ಬರುವ ಹೊತ್ತಿಗೆ ಕೆಲಸ ಗಟ್ಟಿಯಾಯಿತು, ವಾರೆನ್‌ನಲ್ಲಿ ಎರಡು ಬೆಡ್‌ರೂಮಿನ ಅಪಾರ್ಟ್‌ಮೆಂಟೂ ಸಿಕ್ಕಿತು. ನಾನು, ಇಶಾ, ಅತ್ತೆ ದೇವಮ್ಮ, ಎಲ್ಲರೂ ಹೊರಡುವುದೆಂದಾಯಿತು. ಕ್ಯಾಂಪ್‌ಗ್ರೌಂಡಿನ ಜಾಗ ಖಾಲಿ ಮಾಡಬೇಕಿದ್ದರಿಂದ ಈ ಸಲ ಕ್ಯಾಂಪರನ್ನೂ ಹೊತ್ತುಕೊಂಡೇ ಬಂದ. ವಾರೆನ್‌ನಲ್ಲಿ ಅದನ್ನು ಕೊಳ್ಳುವವನೊಬ್ಬ ಕಾದಿದ್ದನಂತೆ. ಮನೆ ಮುಂದೆ ನಿಂತ ಅದರ ಬಾಗಿಲಿಗೆ ಬೀಗವಿತ್ತು. ಇಶಾ ನೋಡುತ್ತೇನೆಂದಾಗ, "ಒಳಗೆಲ್ಲ ಸಾಮಾನು ತುಂಬಿದೆ, ನೋಡೋದೇನಿದೆ" ಎಂದು ಕೀಲಿಯನ್ನು ಜೇಬಿಗೆ ಹಾಕಿಕೊಂಡ.

ಮನೆ ಸಾಮಾನಿಗೆ ಬಾಡಿಗೆಯ ಟ್ರೈಲರ್ ಬಂತು. ಬೆನ್ನ ಮೇಲೆ ಒಂದು ಮನೆ, ಬಾಲಕ್ಕೆ ಇನ್ನೊಂದು ಮನೆ. ಇದನ್ನು ಹೇಗೆ ಎಳೆಯಬೇಕೆಂಬುದನ್ನು ಮಂಜೇಶ್ ತಿಂಗಳುಗಟ್ಟಲೆ ಓದಿದ್ದ. ವಾರದ ರಾತ್ರಿಗಳಲ್ಲಿ ಫೋನ್ ಮಾಡಿದಾಗ ಅವನಿಗೆ ಬೇರೆ ಸುದ್ದಿಯೇ ಇರುತ್ತಿರಲಿಲ್ಲ. ಕ್ಯಾಂಪರಿನ ಹಿಂಭಾಗ ಟ್ರಕ್ಕಿನ ಬಂಪರಿಗಿಂತ ಆಚೆಗೆ ಚಾಚಿರುತ್ತದೆ, ಅದಕ್ಕೆ ಟ್ರೈಲರ್ ಕೊಕ್ಕೆಗೆ ಉದ್ದನೆಯ ಕಬ್ಬಿಣದ ತೋಳು ಬೇಕು. ತೋಳು ಉದ್ದವಾದಷ್ಟೂ ಅದು ಹೊರುವ ಭಾರ ಕಮ್ಮಿ. ನಡುವಿನ ಕನ್ನಡಿಯಲ್ಲಿ ಏನೂ ಕಾಣುವುದಿಲ್ಲ, ಅದಕ್ಕೆ ಪಕ್ಕದ ಕನ್ನಡಿಗಳು ಅಗಲ ಇರಬೇಕು. "ಎಲ್ಲಕ್ಕಿಂತ ಮುಖ್ಯ ತೂಕ ಹಂಚೋದು ಆಶಾ," ಎನ್ನುತ್ತಿದ್ದ. "ಚಕ್ರದಿಂದ ಮುಂದಕ್ಕೆ ಅರವತ್ತು ಪಾಲು, ಹಿಂದಕ್ಕೆ ನಲವತ್ತು. ಹಿಂದೆ ಭಾರ ಜಾಸ್ತಿ ಆಯ್ತೋ, ಟ್ರೈಲರ್ ಬಾಲ ಬೀಸೋಕೆ ಶುರು ಮಾಡುತ್ತೆ. ಟ್ರಕ್ಕನ್ನೂ ಎಳ್ಕೊಂಡು ಹಳ್ಳಕ್ಕೆ ಹಾಕುತ್ತೆ." ನಾನು ಪಾತ್ರೆ ತೊಳೆಯುತ್ತಾ ಹೂಂಗುಟ್ಟುತ್ತಿದ್ದೆ. ಕೇಳಿ ಕೇಳಿ ನನಗೂ ಬಾಯಿಪಾಠವಾಗಿತ್ತು.

ಇಷ್ಟೆಲ್ಲ ತಿಳಿದವನು ಸಾಮಾನು ತುಂಬುವ ದಿನ ಏನು ಮಾಡಿದ ಎಂದರೆ, ಏನೂ ಮಾಡಲಿಲ್ಲ.

ಅತ್ತೆ ಕೊಳ್ಳೇಗಾಲದ ಕಡೆಯವರು. ಅವರ ಮನೆದೇವರು ಬೆಟ್ಟದ ಮಾದಪ್ಪ. ಪ್ಲೇನ್‌ಫೀಲ್ಡ್ ಮನೆಯ ಊಟದ ಕೋಣೆಯ ಮೂಲೆಯಲ್ಲಿ ತೇಗದ ದೇವರ ಗೂಡು, ಅದರೊಳಗೆ ಹುಲಿ ಮೇಲೆ ಕೂತ ಬೆಳ್ಳಿಯ ಮಾದಪ್ಪ. ಅತ್ತೆಯ ಮನೆತನದಲ್ಲಿ ಒಂದು ಪದ್ಧತಿ: ಮನೆ ಬಿಟ್ಟು ಮನೆಗೆ ಹೋಗುವಾಗ ದೇವರು ಎಲ್ಲಕ್ಕಿಂತ ಮುಂದಿರಬೇಕು, ಹತ್ತಿರದಲ್ಲಿ ಮೈಲಿಗೆಯ ವಸ್ತು ಇರಕೂಡದು. ಬೆಳಿಗ್ಗೆಯೇ ಸ್ನಾನ ಮಾಡಿ, ಟ್ರೈಲರಿನ ಇಳಿಜಾರು ಹಲಗೆಯ ಪಕ್ಕ ಅತ್ತೆ ನಿಂತುಬಿಟ್ಟರು.

"ಮಾದಪ್ಪನ ಗೂಡು ಮದ್ಲು ಒಳಕ್ಕೋಗ್ಲಿ, ಮುಂದ್ಗಡೆ ಗ್ವಾಡೆಗೆ ಮಡಗಿ. ಅದ್ರ ಸುತ್ತ ಜಾಗ ಬುಡಿ. ಬಟ್ಟೆ ಒಗಿಯ ಮಿಷನ್ನು, ಚಪ್ಪಲಿ, ಪೊರಕೆ ಎಲ್ಲಾನೂವೆ ಆ ತುದೀಗೆ."

ಹಾಗೇ ಆಯಿತು. ಗೂಡು ಮುಂದಕ್ಕೆ ಹೋಯಿತು, ಅದರ ಸುತ್ತ ಎರಡು ರಜಾಯಿ, ಮುಂದೆ ಒಂದಿಷ್ಟು ಖಾಲಿ ಜಾಗ. ಕೊಳಕು ಬಟ್ಟೆ ಕಂಡ ವಾಷಿಂಗ್ ಮೆಷಿನ್ನೂ ಡ್ರೈಯರೂ ಹಿಂಬಾಗಿಲಿಗೆ ಹೋದವು. ಶೂ ಹಾಕಿಕೊಂಡು ಓಡುವ ಟ್ರೆಡ್‌ಮಿಲ್ ಕೂಡ ಅಲ್ಲಿಗೇ ಹೋಯಿತು. ಪುಸ್ತಕದ ಡಬ್ಬಗಳಾದರೂ ಸರಸ್ವತಿ ಎಂದು ಮುಂದೆ ಉಳಿಯುತ್ತಿದ್ದವೇನೋ, ಆದರೆ ನಮ್ಮ ಇಶಾ ಅವುಗಳ ಸಂದಿಯಲ್ಲೆಲ್ಲ ತನ್ನ ಶೂಗಳನ್ನು ತುರುಕಿದ್ದಳು. ಅವೂ ಹಿಂದಕ್ಕೆ ಹೋದವು. ಮುಂದೆ ಉಳಿದದ್ದು ಮಾದಪ್ಪ, ದಿಂಬು, ಹಪ್ಪಳದ ಡಬ್ಬ.

ಸಹಾಯಕ್ಕೆ ಬಂದ ಪಕ್ಕದ ಬೀದಿಯ ಸಾಕೇತ್, "ಅಂಕಲ್, ಮುಂದೆ ಇಷ್ಟೊಂದು ಜಾಗ ಖಾಲಿ ಬಿಟ್ರೆ ಸರಿಹೋಗುತ್ತಾ?" ಎಂದು ಕೇಳಿದ.

ಮಂಜೇಶ್ ಅವ್ವನ ಕಡೆ ನೋಡಿದ. ಆಮೇಲೆ, "ಪರವಾಗಿಲ್ಲ. ಟ್ರಕ್ ಮೇಲೆ ಆಗ್ಲೇ ಕ್ಯಾಂಪರ್ ಭಾರ ಇದೆಯಲ್ಲ, ಟ್ರೈಲರ್ ಮುಂದೆ ಹಗುರ ಇದ್ರೆ ಒಳ್ಳೇದೇ" ಎಂದ.

ಸುಳ್ಳು. ಶುದ್ಧ ಸುಳ್ಳು. ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ನಾನು ಬಾಯಿ ತೆಗೆಯುವಷ್ಟರಲ್ಲಿ ಅವನ ಮುಖ ನೋಡಿದೆ. ಕಣ್ಣಿನ ಕೆಳಗೆ ಕಪ್ಪು, ಗಡ್ಡ ಅರ್ಧ ಕೆರೆದದ್ದು. ಹಿಂದಿನ ಸಂಜೆ ಬಂದವನು ನೆಟ್ಟಗೆ ಮಲಗಿರಲಿಲ್ಲ. ಈಗ ಅವ್ವನ ಜೊತೆ ಒಂದು ಮಾತು, ಆಮೇಲೆ ಅವ್ವನ ಮೌನ, ಆಮೇಲೆ ನನ್ನ ಜೊತೆ ಇನ್ನೊಂದು ಮಾತು, ಇದಾವುದಕ್ಕೂ ಅವನಲ್ಲಿ ತ್ರಾಣವಿರಲಿಲ್ಲ. ಅವ್ವನಿಗೆ ಇಲ್ಲ ಎನ್ನುವುದಕ್ಕಿಂತ ಟ್ರೈಲರ್ ಎಳೆಯುವುದು ಅವನಿಗೆ ಹಗುರವೆನಿಸಿತ್ತು. ನಾನೂ ಸುಮ್ಮನಾದೆ. ಸಹಾಯಕ್ಕೆ ಬಂದವರೆಲ್ಲ ಚಿತ್ರಾನ್ನ ತಿಂದು ಕೈ ಬೀಸಿದರು. ಹೊರಟೆವು.

ಅವನು ಸ್ಟೀರಿಂಗಿನಲ್ಲಿ, ಪಕ್ಕದಲ್ಲಿ ನಾನು, ಹಿಂದಿನ ಸೀಟಿನಲ್ಲಿ ಅತ್ತೆ ಮತ್ತು ಇಶಾ. ಗ್ಯಾರಿ ಎಂಬ ಊರು ದಾಟುವವರೆಗೆ ವಾಹನ ದಟ್ಟಣೆ ಇದ್ದು ವೇಗ ಏರಲಿಲ್ಲ. ಅದು ನಮ್ಮ ಪುಣ್ಯ. ಆಮೇಲೆ ರಸ್ತೆ ತೆರವಾಯಿತು, ಅವನು ಅರವತ್ತಕ್ಕೆ ಏರಿಸಿದ. ಹಿಂದೆ ಏನೋ ಸಣ್ಣಗೆ ತೂಗಿದಂತಾಗುತ್ತಿತ್ತು. ನಾನು ಅವನನ್ನು ನೋಡುತ್ತಿದ್ದೆ. ಅವನು ಒಮ್ಮೆ ಎಡಗನ್ನಡಿ, ಒಮ್ಮೆ ಬಲಗನ್ನಡಿ ನೋಡುತ್ತಿದ್ದ.

ಮಿಷಿಗನ್ ಸಿಟಿ ಎಂಬ, ಹೆಸರಿಗೆ ಮಾತ್ರ ಮಿಷಿಗನ್ನಿನದಾದ ಊರಿನ ಹತ್ತಿರ ದೊಡ್ಡ ಲಾರಿಯೊಂದು ನಮ್ಮನ್ನು ದಾಟಿಹೋಯಿತು. ಅದರ ಗಾಳಿ ಮೊದಲು ನಮ್ಮನ್ನು ಆಚೆಗೆ ತಳ್ಳಿತು, ಆಮೇಲೆ ಈಚೆಗೆ ಎಳೆಯಿತು. ಹಿಂದೆ ಟ್ರೈಲರ್ ಬಾಲ ಬೀಸಿತು. ಒಂದು ಸಲ ಬೀಸಿ ನಿಲ್ಲುತ್ತದೆಂದುಕೊಂಡೆ, ನಿಲ್ಲಲಿಲ್ಲ. ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ, ಪ್ರತಿ ಸಲವೂ ಹಿಂದಿನದಕ್ಕಿಂತ ದೊಡ್ಡದಾಗಿ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುತ್ತಾರಲ್ಲ, ಹಾಗೆ ಟ್ರಕ್ಕಿನ ಮೂತಿ ಒಂದು ಕಡೆ, ಹಿಂಭಾಗ ಇನ್ನೊಂದು ಕಡೆ. ಬೆನ್ನ ಮೇಲಿನ ಕ್ಯಾಂಪರ್ ಕಿರ್ರೆಂದು ವಾಲಿತು. ಕನ್ನಡಿಯಲ್ಲಿ ಟ್ರೈಲರಿನ ಪಕ್ಕೆ ಪೂರ್ತಿಯಾಗಿ ಕಂಡಿತು, ಅದು ಕಾಣಬಾರದ ಪಕ್ಕೆ.

"ಡ್ಯಾಡ್!" ಎಂದು ಇಶಾ ಕಿರುಚಿದಳು. ಅತ್ತೆ ಉಘೇ ಮಾದಪ್ಪ ಎನ್ನುತ್ತಾ ನನ್ನ ಸೀಟಿನ ಬೆನ್ನನ್ನು ಹಿಡಿದರು.

ಮಂಜೇಶ್ ಬ್ರೇಕ್ ಒತ್ತಲಿಲ್ಲ, ಸ್ಟೀರಿಂಗನ್ನೂ ತಿರುಗಿಸಲಿಲ್ಲ. ಆಕ್ಸಿಲರೇಟರಿನಿಂದ ಕಾಲೆತ್ತಿ, ಮೊಣಕಾಲಿನ ಹತ್ತಿರವಿದ್ದ ಪುಟ್ಟ ಹಿಡಿಯನ್ನು ಬೆರಳಿನಿಂದ ಒತ್ತಿದ. ಅದು ಟ್ರೈಲರಿನ ಬ್ರೇಕನ್ನು ಮಾತ್ರ ಹಿಡಿಯುತ್ತದೆ. ಹಿಂದಿನಿಂದ ಯಾರೋ ಜಗ್ಗಿದಂತಾಗಿ ಟ್ರೈಲರ್ ನೆಟ್ಟಗಾಯಿತು. ಓದಿದ್ದೆಲ್ಲ ಅವನ ಕೈಕಾಲಿಗೆ ಬಂದಿತ್ತು. ನಾವು ಬದುಕಿದೆವು. ಅವನು ನಲವತ್ತೈದರಲ್ಲಿ, ಪಕ್ಕದ ದೀಪಗಳನ್ನು ಮಿಟುಕಿಸುತ್ತಾ, ಮಿಷಿಗನ್ನಿನ ಗಡಿ ದಾಟಿ ಅಲ್ಲಿ ಪ್ರಯಾಣಿಕರು ತಂಗುವ ವೆಲ್‌ಕಮ್ ಸೆಂಟರಿನ ಲಾರಿ ನಿಲ್ಲುವ ಸಾಲಿನಲ್ಲಿ ನಿಲ್ಲಿಸಿದ.

ಎಂಜಿನ್ ಆರಿಸಿ, "ಗಾಳಿ ಜಾಸ್ತಿ ಇದೆ" ಎಂದ.

ಹೊರಗೆ ಧ್ವಜಗಳು ಕಂಬಕ್ಕೆ ಅಂಟಿಕೊಂಡು ಬಿದ್ದಿದ್ದವು. ಎಲೆ ಅಲ್ಲಾಡುತ್ತಿರಲಿಲ್ಲ. ನನಗೆ ಎಂಥ ಸಿಟ್ಟು ಬಂತೆಂದರೆ ಸೀಟ್ ಬೆಲ್ಟ್ ಬಿಚ್ಚುವ ಗುಂಡಿಯೇ ಕೈಗೆ ಸಿಗಲಿಲ್ಲ.

ಇಶಾ ನನಗಿಂತ ಮೊದಲು ಇಳಿದಿದ್ದಳು. "ಡ್ಯಾಡ್, ಯೂ ಸೆಡ್ ಸಿಕ್ಸ್‌ಟಿ-ಫಾರ್ಟಿ. ದಿಸ್ ಈಸ್ ನಾಟ್ ಸಿಕ್ಸ್‌ಟಿ-ಫಾರ್ಟಿ," ಎಂದಳು. ಕಾಲ ಬಳಿ ಇಟ್ಟುಕೊಂಡಿದ್ದ ಕೊನೆಯ ಗಳಿಗೆಯ ಡಬ್ಬದಿಂದ ನಮ್ಮ ಬಾತ್‌ರೂಮಿನ ತೂಕದ ಯಂತ್ರವನ್ನು ತೆಗೆದಳು. ಟ್ರೈಲರಿನ ಮೂಗು ಟ್ರಕ್ಕಿನ ಮೇಲೆ ಎಷ್ಟು ಭಾರ ಹಾಕುತ್ತಿದೆ ಎಂದು ಇದರಲ್ಲೇ ನೋಡಬಹುದೆಂದು ಅವಳಿಗೆ ಹೇಳಿಕೊಟ್ಟವನು ಇದೇ ಮಂಜೇಶ್. ಅವನು ಟ್ರೈಲರಿನ ಚಕ್ರಗಳಿಗೆ ಅಡ್ಡಗಟ್ಟೆ ಕೊಟ್ಟ, ಕೊಕ್ಕೆ ಬಿಡಿಸಿದ, ಮೂಗಿನ ಕೆಳಗಿನ ಜ್ಯಾಕನ್ನು ತಿರುಗಿಸಿ ಯಂತ್ರದ ಮೇಲೆ ಇಳಿಸಿದ. ಮುನ್ನೂರು ಪೌಂಡಿಗಿಂತ ಹೆಚ್ಚು ಇರಬೇಕಿತ್ತು. ತೊಂಬತ್ತಾರು ತೋರಿಸಿತು.

"ಅಜ್ಜಿ ವೇಯ್ಸ್ ಮೋರ್ ದ್ಯಾನ್ ದಟ್," ಎಂದಳು ಇಶಾ.

ನಗು ಬರುವಂಥ ಮಾತೇ. ಯಾರಿಗೂ ಬರಲಿಲ್ಲ. ಅವನು ಮತ್ತೆ ಕೊಕ್ಕೆ ಸಿಕ್ಕಿಸಿದ. ಸರಪಳಿಗಳನ್ನು ಅಡ್ಡಡ್ಡ ಹಾಕಿದ. ಎದ್ದು ಕೈ ಒರೆಸಿಕೊಂಡು, "ಐವತ್ತು ದಾಟಿಸಲ್ಲ. ನಿಧಾನಕ್ಕೆ ಹೋದ್ರೆ ಏನೂ ಆಗಲ್ಲ" ಎಂದ.

ಅತ್ತೆಯ ಮುಂದೆ ನಾನು ಅವನನ್ನು 'ರೀ' ಎನ್ನುತ್ತೇನೆ, ಇಬ್ಬರೇ ಇದ್ದಾಗ 'ಮಂಜು'. ಸಿಟ್ಟು ನೆತ್ತಿಗೇರಿದರೆ ಪೂರ್ತಿ ಹೆಸರು ಬರುತ್ತದೆ.

"ಮಂಜೇಶ್, ಇನ್ನೂ ಇನ್ನೂರು ಮೈಲಿ ಇದೆ. ಇಡೀ ದಾರಿ ಲಾರಿಗಳು. ಹಿಂದಿನ ಸೀಟಲ್ಲಿ ಮಗಳಿದ್ದಾಳೆ."

"ಗೊತ್ತು."

"ಗೊತ್ತಿದ್ದೂ ಹೊರಡ್ತೀಯಾ? ಎಲ್ಲ ಇಳಿಸಿ ಭಾರದ್ದನ್ನ ಮುಂದಕ್ಕೆ ಹಾಕ್ಬೇಕು. ಅಮ್ಮನಿಗೆ ಹೇಳು."

ಅವನು ಟ್ರಕ್ಕಿನ ಕಿಟಕಿಯತ್ತ ನೋಡಿದ. ಅತ್ತೆ ಕಣ್ಣು ಮುಚ್ಚಿ ಜಪ ಮಾಡುತ್ತಾ ಕೂತಿದ್ದರು. "ಮನೆ ಬಿಡ್ಬೇಕಲ್ಲ ಅಂತ ಅವ್ವ ಈಗ್ಲೇ ಸರಿಯಾಗಿ ಊಟ ಮಾಡ್ತಿಲ್ಲ. ಮಾದಪ್ಪನ ಪಕ್ಕ ವಾಷಿಂಗ್ ಮೆಷಿನ್ ಇಡ್ತೀನಿ ಅಂತ ಹೇಳ್ಲಾ? ನನ್ನ ಕೈಲಿ..." ಎಂದವನು ಅಲ್ಲಿಗೇ ನಿಲ್ಲಿಸಿ, "ಪರವಾಗಿಲ್ಲ, ಓಡಿಸ್ತೀನಿ" ಎಂದ.

ನನಗೆ ನಿಜವಾಗಿ ಭಯವಾದದ್ದು ಆಗ. ಟ್ರೈಲರ್ ಬೀಸಿದಾಗಲೂ ಅಷ್ಟು ಆಗಿರಲಿಲ್ಲ. ಇವನು ಗೊತ್ತಿಲ್ಲದೆ ಹೊರಟಿಲ್ಲ, ಗೊತ್ತಿದ್ದೇ ಹೊರಟಿದ್ದಾನೆ. ಒಂದು 'ಇಲ್ಲ' ಹೇಳುವ ಬದಲು ನಮ್ಮ ನಾಲ್ವರನ್ನೂ ಇನ್ನೂರು ಮೈಲಿ ಹೀಗೇ ಎಳೆದುಕೊಂಡು ಹೋಗಲು ಸಿದ್ಧನಿದ್ದಾನೆ. ಧೈರ್ಯವಂತರ ಕೆಲಸವಲ್ಲ ಅದು. ಅಷ್ಟು ದಣಿದವರು ಮಾತ್ರ ಹಾಗೆ ಮಾಡುತ್ತಾರೆ. ನಾನು ಸೀದಾ ಹೋಗಿ ಸ್ಟೀರಿಂಗಿನ ಪಕ್ಕದಿಂದ ಕೀಲಿಗೊಂಚಲನ್ನು ಎಳೆದುಕೊಂಡೆ. ಆಮೇಲೆ ಹಿಂದಿನ ಬಾಗಿಲು ತೆಗೆದೆ.

"ಅತ್ತೆ, ಒಂದು ಮಾತು. ನಿಮಗೆ ಬೇಜಾರಾಗುತ್ತೆ, ಆದ್ರೂ ಹೇಳ್ತೀನಿ. ಆಗ ಗಾಡಿ ಹಂಗೆ ಆಡಿದ್ದು ಗಾಳಿಯಿಂದ ಅಲ್ಲ. ಭಾರ ಎಲ್ಲ ಹಿಂದೆ ಇರೋದ್ರಿಂದ. ವಾಷಿಂಗ್ ಮೆಷಿನ್ನು, ಪುಸ್ತಕ ಎಲ್ಲ ಮಾದಪ್ಪ ಇರೋ ಜಾಗಕ್ಕೆ ಬರ್ಬೇಕು. ಇಲ್ದಿದ್ರೆ ನಾವು ವಾರೆನ್ ಮುಟ್ಟಲ್ಲ."

ಅತ್ತೆ ಕಣ್ಣು ತೆರೆದು ನನ್ನನ್ನೇ ನೋಡಿದರು. ಬೈಗುಳಕ್ಕೆ ನಾನು ಸಿದ್ಧಳಾಗಿದ್ದೆ, ಅಳುವಿಗೆ ಸಿದ್ಧಳಿರಲಿಲ್ಲ. ಎರಡೂ ಬರಲಿಲ್ಲ. "ಅವನ್ಯಾಕೆ ಹೇಳ್ನಿಲ್ಲ?" ಎಂದು ಮಾತ್ರ ಕೇಳಿದರು. ಉತ್ತರಕ್ಕೆ ಕಾಯದೆ ಕೆಳಗಿಳಿದರು. ಸೆರಗು ಸರಿಮಾಡಿಕೊಂಡು, "ಹಂಗಾರೆ ಮಾದಪ್ಪನ್ನ ನಾನೇ ತಗೀಬೇಕು. ಕೈಕಾಲು ತೊಳೀಬೇಕು, ನೀರು ಕೊಡು" ಎಂದರು.

ನಾನು ಸೆಂಟರಿನ ಕಟ್ಟಡ ತೋರಿಸಿದೆ.

"ಕಕ್ಕಸಿನ ನಲ್ಲೀಲಿ ಕೈ ತೊಳ್ದು ದೇವರ ಮುಟ್ಟಕ್ಕಾದದಾ? ಇದ್ರೊಳಗೆ ನಲ್ಲಿ ಇಲ್ವಾ?" ಅತ್ತೆಯ ಕೈ ಕ್ಯಾಂಪರನ್ನು ತೋರಿಸುತ್ತಿತ್ತು.

"ಬೇಡ ಅವ್ವ," ಎಂದ ಮಂಜೇಶ್ ಅವಸರವಾಗಿ. "ಬಾಟ್ಲಿ ನೀರು ತಂದ್ಕೊಡ್ತೀನಿ. ಅದ್ರೊಳಗೆ ಗಲೀಜಾಗಿದೆ."

ಕೀಲಿಗೊಂಚಲು ನನ್ನ ಕೈಯಲ್ಲಿತ್ತು. ಕ್ಯಾಂಪರಿನ ಕೀಲಿಯೂ ಅದರಲ್ಲೇ ಇತ್ತು. ಟ್ರಕ್ಕಿನ ಹಿಂದೆ, ಟ್ರೈಲರಿನ ಮೂಗಿಗೂ ಕ್ಯಾಂಪರಿಗೂ ನಡುವಿನ ಸಂದಿಯಲ್ಲಿ ಅವನು ಕಬ್ಬಿಣದ ಮೆಟ್ಟಿಲೊಂದನ್ನು ಇಡಬೇಕಾಯಿತು. ನಾನು ಬೀಗ ತೆಗೆದೆ. ಅತ್ತೆಯ ಕೈ ಹಿಡಿದು ಹತ್ತಿಸಿದೆ.

ಗಲೀಜೇನೂ ಇರಲಿಲ್ಲ. ಚೊಕ್ಕಟವಾಗಿತ್ತು. ಅಷ್ಟು ಚೊಕ್ಕಟವಾಗಿಡುವುದಕ್ಕೆ ಅಲ್ಲಿ ಇದ್ದದ್ದಾದರೂ ಏನು? ಇಬ್ಬರು ನಿಂತರೆ ಮೂರನೆಯವರಿಗೆ ಜಾಗವಿಲ್ಲ. ನಮ್ಮ ಮನೆಯ ಒಂದು ಸ್ಟೀಲ್ ತಟ್ಟೆ, ಒಂದು ಲೋಟ, ಒಂದು ಚಮಚ, ಪುಟ್ಟ ರೈಸ್ ಕುಕ್ಕರ್. ಕಿಟಕಿಗಳಿಗೆಲ್ಲ ಚಳಿಗೆ ಅಂಟಿಸಿದ ಬೆಳ್ಳಿ ಬಣ್ಣದ ಹಾಳೆ, ಬೇಸಿಗೆ ಬಂದರೂ ಕಿತ್ತಿರಲಿಲ್ಲ. ಮಧ್ಯಾಹ್ನದಲ್ಲೂ ಒಳಗೆ ಕತ್ತಲು. ಡ್ರೈವರ್ ತಲೆಯ ಮೇಲೆ ಬರುವ ಅಟ್ಟದಂಥ ಜಾಗದಲ್ಲಿ ಹಾಸಿಗೆ. ಅದಕ್ಕೂ ಸೂರಿಗೂ ನಡುವೆ ಎದ್ದು ಕೂರುವಷ್ಟು ಎತ್ತರವಿಲ್ಲ. ಹಾಸಿಗೆಯ ಮೇಲೆ ಮಡಿಸಿಟ್ಟ ಕಂಬಳಿಗಳು, ಅವುಗಳ ಮೇಲೆ ಅವನ ದಪ್ಪ ಚಳಿಗಾಲದ ಕೋಟು, ಉಲ್ಲನ್ ಟೋಪಿ, ಕೈಗವಸು. ಅವನ್ನೆಲ್ಲ ಹಾಕಿಕೊಂಡೇ ಮಲಗುತ್ತಿದ್ದನೆಂದು ಕೇಳದೆಯೇ ತಿಳಿಯಿತು.

ಅತ್ತೆ ಕಂಬಳಿಯನ್ನು ಮುಟ್ಟಿ ನೋಡಿದರು. ಕತ್ತೆತ್ತಿ ಸೂರು ನೋಡಿದರು. ಆಮೇಲೆ ತಿರುಗಿದಾಗ ಅವರ ಮೂಗಿನ ಮುಂದೆ ಮಾದಪ್ಪನಿದ್ದ.

ಹಳೆಯ ಕ್ಯಾಲೆಂಡರಿನಿಂದ ಕತ್ತರಿಸಿದ ಚಿತ್ರ. ನಾಲ್ಕು ಮೂಲೆಗೂ ಟೇಪು. ಅದನ್ನು ಒಂದು ಕಿರಿದಾದ ಬಾಗಿಲಿಗೆ ಅಂಟಿಸಲಾಗಿತ್ತು. ಚಿತ್ರದ ಅಂಚಿಗೆ ಒಂದು ಊದುಬತ್ತಿ ಸಿಕ್ಕಿಸಿತ್ತು, ಹಚ್ಚದ್ದು. ಹಚ್ಚಿದರೆ ಹೊಗೆಯ ಅಲಾರ್ಮ್ ಅರಚಿಕೊಳ್ಳುತ್ತದೆ. ಕೆಳಗೆ, ಮಾದಪ್ಪನ ಹುಲಿಯ ಕಾಲಿನಿಂದ ಒಂದು ಗೇಣು ಅಂತರದಲ್ಲಿ, ಅವನ ಹಿಮದ ಬೂಟುಗಳು.

"ಇದ್ಯಾವ ಬಾಗ್ಲು?" ಎಂದರು ಅತ್ತೆ.

"ಬಾತ್‌ರೂಮು, ಅತ್ತೆ."

ಅವರು ಬಾಗಿಲು ತೆಗೆದರು. ಕಮೋಡ್ ಕಂಡಿತು. ಅದರ ತಲೆಯ ಮೇಲೇ ಸ್ನಾನದ ಷವರ್. ಅತ್ತೆ ಸ್ವಲ್ಪ ಹೊತ್ತು ನೋಡಿ, ಬಾಗಿಲನ್ನು ಮೆಲ್ಲಗೆ, ಚಿತ್ರ ಅಲುಗದಂತೆ ಮುಚ್ಚಿದರು.

ಅಂಗೈ ಅಗಲದ ಸಿಂಕಿನಲ್ಲಿ ನಲ್ಲಿ ಬಿಟ್ಟು ಕೈ ತೊಳೆದರು, ಮುಖ ತೊಳೆದರು, ಬಹಳ ಹೊತ್ತು ತೊಳೆದರು. "ಚಳಿಗಾಲದಲ್ಲೂ ಇಲ್ಲೇ ಇದ್ನಾ?" ಎಂದು ನಲ್ಲಿಯನ್ನೇ ಕೇಳಿದಂತೆ ಕೇಳಿದರು. ಹೂಂ ಅಂದೆ. ನನಗೆ ಅಳು ಬರಲಿಲ್ಲ, ಮೈಯೆಲ್ಲ ಸಿಟ್ಟು. ಪ್ರತಿ ಶುಕ್ರವಾರ ಬಂದು ನನ್ನೆದುರು ಕೂತು ಆರಾಮಾಗಿದೆ, ಆರಾಮಾಗಿದೆ ಅಂದಿದ್ದ. ನಾನು ಅವನ ತಟ್ಟೆಗೆ ಇನ್ನೊಂದು ಸೌಟು ಅನ್ನ ಹಾಕಿ ಅದನ್ನು ನಂಬಿದ್ದೆ. ನಂಬಿಸಿದವನ ಮೇಲೆ ಬಂದಷ್ಟೇ ಸಿಟ್ಟು ನಂಬಿದವಳ ಮೇಲೂ ಬಂತು.

ಹೊರಗೆ ಅವನು ಮೆಟ್ಟಿಲ ಬುಡದಲ್ಲಿ ನಿಂತಿದ್ದ, ಹೋಂವರ್ಕ್ ಮಾಡದೆ ಶಾಲೆಗೆ ಹೋದವನ ಹಾಗೆ. ಅವ್ವ ಇಳಿಯುವ ಮೊದಲೇ ಶುರು ಮಾಡಿದ.

"ಅವ್ವ, ಬೇರೆ ಗೋಡೆ ಇರ್ಲಿಲ್ಲ. ಎಲ್ಲಾ ಕಡೆ ಕಪಾಟು. ಅದೊಂದೇ ಸಪಾಟಾಗಿತ್ತು. ದಿನಾ ಸ್ನಾನ ಮಾಡ್ಕೊಂಡೇ ಕೈ ಮುಗೀತಿದ್ದೆ. ಬೂಟು ಆಚೆ ಇಟ್ರೆ ಒಳಗೆಲ್ಲ ಹಿಮ ಕಟ್ಕೊಳ್ತಿತ್ತು, ಅದಕ್ಕೇ..."

"ಸುಮ್ಕಿರು," ಎಂದರು ಅತ್ತೆ. ಮೆಟ್ಟಿಲ ಮೇಲೆ ನಿಂತಿದ್ದರಿಂದ ಅವರ ಮುಖ ಮಗನ ಮುಖಕ್ಕೆ ಸಮವಾಗಿತ್ತು. "ಕಕ್ಕಸಿನ ಬಾಗ್ಲಲ್ಲಿ ನಿಂತ್ಕಂಡು ಚಳಿಗಾಲ ಪೂರ್ತಿ ನಿನ್ನ ಕಾಯ್ದವ್ನೆ ಅವನು. ಬಟ್ಟೆ ಮಿಷನ್ನು ಪಕ್ಕದಲ್ಲಿ ಕುಂತ್ರೆ ಅವನಿಗೇನಾದದು? ಮುಂದ್ಕ ಮಡಗು ಅದ್ನ. ಮಾದಪ್ಪ ನನ್ನ ಮಡ್ಲಲ್ಲಿ ಬತ್ತಾನೆ."

ಮಂಜೇಶ್ ತಲೆಯಾಡಿಸಿದ. ಕೆಲಸದ ಕೈಗವಸು ಹಾಕಿಕೊಳ್ಳಲು ಹೋದ.

"ನಿಂತ್ಕ," ಎಂದರು ಅತ್ತೆ. "ಕೇಳಿದ್ಕೆ ಹೇಳು. ಗಾಡಿ ಹಿಂಗಾದದು ಅಂತ ನಿಂಗೆ ಗೊತ್ತಿತ್ತು. ನಂಗ್ಯಾಕ್ಲಾ ಹೇಳ್ನಿಲ್ಲ?"

ಅವನು ಬಾಯಿ ತೆರೆದ. ಪರವಾಗಿಲ್ಲ ಅವ್ವ ಅನ್ನುತ್ತಾನೆ ಎಂದು ನನಗೆ ಗೊತ್ತಿತ್ತು. ತುಟಿಯೂ ಆ ಮಾತಿಗೇ ಕೂಡಿತು. ಆದರೆ ಬರಲಿಲ್ಲ. ಅವನು ಕೈಗವಸನ್ನು ನೋಡಿಕೊಂಡ, ಟ್ರೈಲರನ್ನು ನೋಡಿದ, ಆಮೇಲೆ ಇಷ್ಟು ವರ್ಷದಲ್ಲಿ ನನ್ನ ಜೊತೆ ಒಮ್ಮೆಯೂ ಆಡದ ತನ್ನೂರಿನ ಮಾತಿನಲ್ಲಿ ಹೇಳಿದ.

"ಸುಸ್ತಾಗದೆ ಕಣವ್ವ. ಬಾಳ ಸುಸ್ತಾಗದೆ."

ಅಷ್ಟೇ. ಹೇಳಿ ಅಲ್ಲೇ ಟ್ರಕ್ಕಿನ ಬಂಪರಿಗೆ ಒರಗಿದ. ಇಶಾ ಕಿವಿಯಿಂದ ಇಯರ್‌ಫೋನ್ ತೆಗೆದು ಅಪ್ಪನನ್ನೇ ನೋಡುತ್ತಿದ್ದಳು. ಅತ್ತೆ ಅವನ ತಲೆಯ ಮೇಲೆ ಒದ್ದೆ ಕೈ ಇಟ್ಟರು. ಅವನ ಕೈಯಿಂದ ಕೈಗವಸುಗಳನ್ನು ತೆಗೆದುಕೊಂಡು ನಾನೇ ಹಾಕಿಕೊಂಡೆ.

"ಹೋಗಿ ಮಲಗು," ಎಂದೆ. "ನಾವು ನೋಡ್ಕೋತೀವಿ."

"ಕೊಕ್ಕೆ ಬಿಚ್ಚಬೇಡ. ಕೊಕ್ಕೆ ಬಿಚ್ಚಿ ಹಿಂದೆ ಹತ್ತಿದ್ರೆ ಟ್ರೈಲರ್ ಮೂಗು ಎದ್ದುಬಿಡುತ್ತೆ. ಚಕ್ರದ ಕಟ್ಟೆನೂ ತೆಗೀಬೇಡ. ಆಮೇಲೆ ಕ್ಯಾಂಪರ್ ಟ್ಯಾಂಕಿನ ನೀರು ಪೂರ್ತಿ ಬಿಟ್ಬಿಡು, ಮುಂದೆ ಭಾರ ಹಾಕಿದ್ರೆ ಟ್ರಕ್ ಮೇಲೆ ಅಷ್ಟಾದ್ರೂ ಕಮ್ಮಿ ಆಗ್ಲಿ. ಮೆಷಿನ್ನಿಗೆ ಬೆಲ್ಟು..."

"ಮಂಜು, ಗೊತ್ತು. ಎಲ್ಲಾ ಬಾಯಿಪಾಠ ಆಗಿದೆ. ಹೋಗು."

ಅವನು ಆ ಪೆಟ್ಟಿಗೆಯೊಳಗೆ ಹತ್ತಿದ. ಬೂಟು ಬಿಚ್ಚುವ ಸದ್ದು ಒಂದು ಸಲ ಕೇಳಿತು, ಎರಡನೆಯದು ಕೇಳಲಿಲ್ಲ. ಆಮೇಲೆ ನೋಡಿದರೆ ಒಂದು ಬೂಟಿನಲ್ಲೇ ನಿದ್ದೆ ಹೋಗಿದ್ದ.

ಇಶಾಳೂ ನಾನೂ ತಳ್ಳುಗಾಡಿ ಇಳಿಸಿದೆವು. ಡಬ್ಬ, ಟ್ರೆಡ್‌ಮಿಲ್, ಡ್ರೈಯರ್, ವಾಷಿಂಗ್ ಮೆಷಿನ್ ಎಲ್ಲವನ್ನೂ ಹುಲ್ಲಿನ ಪಕ್ಕ ಸಾಲಾಗಿ ನಿಲ್ಲಿಸಿದೆವು. ಹೋಗಿಬರುವವರು ನಾವೇನೋ ಅಂಗಡಿ ಹಾಕಿದ್ದೇವೆಂದು ನೋಡಿದರು. ಒಬ್ಬಾಕೆ ಟ್ರೆಡ್‌ಮಿಲ್ ಮಾರಾಟಕ್ಕಿದೆಯೇ ಎಂದು ಕೇಳಿಯೂ ಬಿಟ್ಟಳು. ಅತ್ತೆ ಬರಿಗಾಲಲ್ಲಿ ಟ್ರೈಲರ್ ಹತ್ತಿ, ಗೂಡಿನ ಬಾಗಿಲು ತೆಗೆದು, ಬೆಳ್ಳಿಯ ಮಾದಪ್ಪನನ್ನು ಸೆರಗಿಗೆ ಇಳಿಸಿಕೊಂಡರು. ತೇಗದ ಖಾಲಿ ಗೂಡು ರಜಾಯಿ ಸಮೇತ ಹಿಂಬಾಗಿಲಿಗೆ ಬಂತು. ಅದರ ಜಾಗದಲ್ಲಿ, ಮುಂದಿನ ಗೋಡೆಗೆ ಒರಗಿ, ವಾಷಿಂಗ್ ಮೆಷಿನ್ ಕೂತಿತು. ಪಕ್ಕದಲ್ಲಿ ಡ್ರೈಯರ್, ಆಮೇಲೆ ಪುಸ್ತಕ, ಶೂ ಎಲ್ಲ ಸೇರಿ. ಅತ್ತೆ ಒಮ್ಮೆ ಇಣುಕಿ ನೋಡಿ ಕಣ್ಣು ಬೇರೆ ಕಡೆ ತಿರುಗಿಸಿದರು. ಅವರಿಗೆ ನೋವಾಗಲಿಲ್ಲ ಎಂದು ಹೇಳಲಾರೆ.

ನಾವು ಭಾರದ್ದನ್ನು ತಳ್ಳಿದಾಗಲೆಲ್ಲ ಟ್ರೈಲರ್ ಅಲುಗಿ, ಟ್ರಕ್ ಅಲುಗಿ, ಕ್ಯಾಂಪರ್ ತೊಟ್ಟಿಲಂತೆ ತೂಗುತ್ತಿತ್ತು. ಅವನು ಏಳಲಿಲ್ಲ. ಕೆಲಸ ಮುಗಿಯುವ ಹೊತ್ತಿಗೆ ನನ್ನ ಸೊಂಟ ಬಿದ್ದುಹೋಗಿತ್ತು, ಇಶಾ ಹುಲ್ಲಿನ ಮೇಲೆ ಅಂಗಾತ ಮಲಗಿದ್ದಳು. "ಶುಡ್ ವಿ ವೇಕ್ ಹಿಮ್?" ಎಂದಳು. ಅವನೆದ್ದ ಮೇಲೆ ಮತ್ತೆ ತೂಕ ನೋಡಬೇಕಿತ್ತು, ವಾರೆನ್‌ನಲ್ಲಿ ಅಪಾರ್ಟ್‌ಮೆಂಟಿನ ಕೀಲಿ ಕೊಡುವವರು ಸಂಜೆಯವರೆಗೆ ಮಾತ್ರ ಇರುತ್ತೇವೆಂದಿದ್ದರು. ನಾನು ಅವರಿಗೆ ಫೋನ್ ಮಾಡಿ ನಾಳೆ ಬರುತ್ತೇವೆ ಎಂದೆ. ಯಾಕೆಂದು ಕೇಳಿದರು. ನನ್ನ ಗಂಡನಿಗೆ ಸುಸ್ತಾಗಿದೆ ಎಂದೆ. ಹೇಳುವುದು ಎಷ್ಟು ಸುಲಭವಿತ್ತು.

ಅತ್ತೆ ಕ್ಯಾಂಪರಿನ ಮೆಟ್ಟಿಲ ಮೇಲೆ, ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದರು. ಮಡಿಲಲ್ಲಿ ಮಾದಪ್ಪ. ಪಕ್ಕದ ಸಾಲಿನ ದೊಡ್ಡ ಲಾರಿಯ ಡ್ರೈವರ್ ಹತ್ತಿ ಎಂಜಿನ್ ಶುರು ಮಾಡಿದ. ನೆಲ ನಡುಗುವಂಥ ಸದ್ದು. ಅತ್ತೆ ಒಂದು ಕೈಯಿಂದ ದೇವರನ್ನು ಹಿಡಿದು, ಇನ್ನೊಂದು ಕೈಯನ್ನು ಆ ಲಾರಿಯ ಕಡೆಗೆ ಎತ್ತಿದರು.

"ಷ್," ಎಂದರು. "ಮಗ ಮನಗವ್ನೆ."